ಹನ್ನೊಂದನೆಯ ಮಹಡಿ

ಹೊಸ ಕಟ್ಟಡಕ್ಕೆ ನಾಲ್ಕೇ ಮಹಡಿ.
ನಾನಿದ್ದದ್ದು ಹನ್ನೊಂದರಲ್ಲಿ.
ಹಾಗಾಗಿ ನನ್ನ ಅಡುಗೆಮನೆ ಈಗ
ಇವರ ತಾರಸಿಗಿಂತ ಏಳು ಮಹಡಿ ಮೇಲೆ
ಬರಿಯ ಗಾಳಿಯಲ್ಲಿದೆ.
ಮಿಶಿಗನ್ ಸರೋವರದ ಕಡೆಯಿಂದ ಬರುವ ಬಿಳಿಹಕ್ಕಿಗಳು
ಅದರ ನಟ್ಟನಡುವೆ ಹಾದುಹೋಗುತ್ತವೆ
ಬಾಗಿಲು ತಟ್ಟದೆ.

ಕೆಡವಿದ ದಿನ ಬೇಲಿಯಾಚೆ ನಿಂತಿದ್ದೆವು.
ಯಂತ್ರ ಹೊರಗೋಡೆಯನ್ನು ಕಚ್ಚಿ ಎಳೆದಾಗ
ಮನೆಗಳ ಒಳಬಣ್ಣ ಬೀದಿಗೆ ಬಿತ್ತು:
ಒಂಬತ್ತರಲ್ಲಿ ಹಳದಿ, ಹತ್ತರಲ್ಲಿ ಆಸ್ಪತ್ರೆಯ ಹಸಿರು,
ನನ್ನದು ನೀಲಿ.
ಬಣ್ಣ ಬಳಿಯಕೂಡದೆಂಬ ನಿಯಮ ಆಗಲೂ ಇತ್ತು,
ರಾತ್ರಿ ಬಳಿದಿದ್ದೆ.
ಪಕ್ಕದಲ್ಲಿ ನಿಂತ ಒಡೆಸ್ಸಾ ಅಂದಳು,
'ಅಯ್ಯೋ ವರ್ಡೆಲ್, ನಿನ್ನ ಒಲೆ ಹಿಂದೆ
ಅದೆಷ್ಟು ಜಿಡ್ಡು!'
ಅಷ್ಟು ಜನರೆದುರು ನನಗೆ ನಾಚಿಕೆಯಾದದ್ದು
ಅದೊಂದಕ್ಕೇ.

ಸುಳ್ಳು ಯಾಕೆ ಹೇಳಲಿ,
ಲಿಫ್ಟಿನಲ್ಲಿ ಉಚ್ಚೆ ನಾರುತ್ತಿತ್ತು.
ಜನವರಿಯಲ್ಲಿ ಕೊಳವೆ ಒಡೆದರೆ ಮೆಟ್ಟಿಲು ಮೆಟ್ಟಿಲಿಗೂ ಗಾಜಿನಂಥ ಹಿಮ.
ಅಂಥದೊಂದು ರಾತ್ರಿ ಕ್ಲಿಯೋಟಿಸ್‌ನ ಮಗನನ್ನು
ಬೆಡ್‌ಶೀಟಿನಲ್ಲಿ ಮಲಗಿಸಿ ಕೆಳಗಿಳಿಸಿದೆವು,
ಮೂಲೆಗೊಬ್ಬರಂತೆ ನಾಲ್ವರು.
ಆಂಬುಲೆನ್ಸು ಒಳಗೆ ಬರಲು ಹೆದರಿ
ಬೀದಿಯ ತಿರುವಿನಲ್ಲೇ ನಿಂತಿತ್ತು.
ಬದುಕಿದ. ಈಗ ಮೆಂಫಿಸ್‌ನಲ್ಲಿ ಬಸ್ಸು ಓಡಿಸುತ್ತಾನೆ.
ಆ ನಾಲ್ಕು ಮೂಲೆಗಳಲ್ಲಿ
ಇಲ್ಲಿಗೆ ಮರಳಿದ್ದು ನನ್ನದೊಂದು.

ಮರಳುವ ಹಕ್ಕು ಎಂದು ಕಾಗದ ಕೊಟ್ಟಿದ್ದರು.
ಒಂಬತ್ತು ವರ್ಷ ಬೈಬಲಿನೊಳಗಿಟ್ಟೆ.
ವಿಚಾರಿಸಿದಾಗಲೆಲ್ಲ ಕಚೇರಿಯವನು
ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದ:
ಬರಬಹುದು, ಹಾಗಂತ ಬಂದೇ ಬರುತ್ತದೆ ಅಂತಲ್ಲ.
ಅಷ್ಟೆಲ್ಲ ಕೆಡವಿದವರು
ಆ ಒಂದು ಗೋಡೆಯನ್ನು ಬಿಟ್ಟುಬಿಟ್ಟಿದ್ದರು.
ಒಡೆಸ್ಸಾಳ ಸರದಿ ಬಂತು,
ಅವಳನ್ನು ಮಣ್ಣು ಮಾಡಿ ಹದಿನಾಲ್ಕು ತಿಂಗಳಾದ ಮೇಲೆ.
ನನ್ನದು ಬಂದಾಗ ಮೂತ್ರ ಪರೀಕ್ಷಿಸಿದರು,
ಅರವತ್ತೆಂಟರ ವಯಸ್ಸಿನಲ್ಲಿ, ಗಾಂಜಾ ಗೀಂಜಾ ಉಂಟೋ ಎಂದು.
ಪಕ್ಕದ ಮನೆ ಕೊಂಡವರ ಮೂತ್ರದ ಬಗ್ಗೆ
ಯಾರಿಗೂ ಕುತೂಹಲವಿರಲಿಲ್ಲ.

ಮನೆ ಚೆನ್ನಾಗಿದೆ.
ಪಾತ್ರೆ ತಾನೇ ತೊಳೆದುಕೊಳ್ಳುತ್ತದೆ, ಬಿಸಿನೀರು ತಿರುಗಿಸಿದ ಕೂಡಲೇ ಬಿಸಿ.
ಎಲ್ಲ ಬಾಗಿಲಿಗೂ ಒಂದೇ ಬೂದುಬಣ್ಣ,
ಯಾರದು ಸ್ವಂತ, ಯಾರದು ಸರ್ಕಾರದ ಬಾಡಿಗೆ
ಗೊತ್ತಾಗಬಾರದಂತೆ.
ಗೊತ್ತಾಗುತ್ತದೆ.
ಪತ್ರ ಬರುವುದು ನಮಗೆ:
ಮುಂದಿನ ಮೆಟ್ಟಿಲ ಮೇಲೆ ಕುರ್ಚಿ ಹಾಕಕೂಡದು,
ಹೊರಗೆ ಮಾಂಸ ಸುಡಕೂಡದು,
ನಾಲ್ವರು ಸೇರಿ ನಿಂತರೆ ಅದು ಗುಂಪು.
ನಾಲ್ವರು.
ಒಂದು ಬೆಡ್‌ಶೀಟು ಹಿಡಿಯಲು ಬೇಕಾದಷ್ಟು ಜನ.

ಮೊನ್ನೆ ಸಂಜೆ ಕತ್ತೆತ್ತಿ ನಿಂತಿದ್ದೆ.
ನಾಯಿ ಹಿಡಿದು ಬಂದ ಪಕ್ಕದ ಮನೆಯ ಬ್ರಿಜಿಟ್
ಒಂದೂವರೆ ವರ್ಷದಲ್ಲಿ ಮೊದಲ ಸಲ ನಿಂತು ಕೇಳಿದಳು,
'ಏನು ನೋಡ್ತಿದೀರಿ?'
'ಗ್ಯಾಸು ಆರಿಸಿದೆನೋ ಇಲ್ಲವೋ ಅಂತ.'
ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.
'ಯಾವ ಕಡೆ?'
ಬೆರಳು ತೋರಿಸಿದೆ. ಆ ದೀಪದ ಕಂಬದ ನೇರಕ್ಕೆ,
ಮೇಲೆ, ಅದಕ್ಕೂ ಮೇಲೆ, ಎಡಗಡೆಗೆ,
ಅಲ್ಲಿ ಕಿಟಕಿ, ಕಿಟಕಿಯಲ್ಲಿ ಪುದೀನದ ಡಬ್ಬ.
ಅವಳ ನಾಯಿಯೂ ನೋಡಿತು.
ಪಿಜ್ಜಾ ಹೊತ್ತು ಸೈಕಲ್ಲಿನಲ್ಲಿ ಹೊರಟಿದ್ದ ಹುಡುಗ
ಏನೋ ಬೀಳುತ್ತಿದೆಯೆಂದುಕೊಂಡು
ಕಾಲೂರಿ ನಿಂತು ತಾನೂ ಕತ್ತೆತ್ತಿದ.

ಎಣಿಸಿದೆ. ಮೂವರು.
ನಾಯಿಯನ್ನು ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ,
ಪತ್ರದಲ್ಲಿ ಬರೆದಿರಲಿಲ್ಲ.
ಕೈ ಇಳಿಸದೆ
ಇನ್ನೊಬ್ಬರಿಗಾಗಿ ಕಾದೆ.